ತಾತನ ಕ್ಯಾಸೆಟ್‌ನಿಂದ ಸೆಕೆಂಡಿಗೆ 48,000 ಅಂಕಿ

ಅಮ್ಮನ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಒಂದು ಕ್ಯಾಸೆಟ್ ಇತ್ತು. ಸಿ-60, ಅಂದರೆ ಬದಿಗೆ 30 ನಿಮಿಷದ್ದು. ಮೇಲೆ ಸೋದರಮಾವನ ಅಕ್ಷರ: ‘ಅಪ್ಪ, ತಾಲೀಮು, 1988’. ತಾತ ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಅವರು ತೀರಿಹೋಗಿ ಬಹಳ ವರ್ಷಗಳಾದವು. ಎರಡು ಫೋಟೊ ಇವೆ, ಅವರ ಹಾರ್ಮೋನಿಯಂ ನಮ್ಮ ಹನುಮಂತನಗರದ ಮನೆಯ ಅಟ್ಟದ ಮೇಲಿದೆ. ದನಿ ಉಳಿದಿರುವುದು ಮಾತ್ರ ಈ ಕಂದು ಪಟ್ಟಿಯಲ್ಲಿ, 3.81 ಮಿಲಿಮೀಟರ್ ಅಗಲದ ಟೇಪಿನಲ್ಲಿ. ‘ಇದನ್ನು ಕಂಪ್ಯೂಟರಿಗೆ ಹಾಕಿಕೊಡು’ ಎಂದು ಅಮ್ಮ ಯುಗಾದಿಯ ದಿನ ಕೇಳಿದರು. ಐದು ವಾರಾಂತ್ಯ ಹಿಡಿಯಿತು. ಎಲ್ಲಿ ಎಡವಿದೆ, ಯಾಕೆ ಎಡವಿದೆ ಎಂಬುದನ್ನು ಬರೆದಿಡುತ್ತಿದ್ದೇನೆ. ಇಂಥ ಕ್ಯಾಸೆಟ್ ಇನ್ನೂ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ, ಟೇಪಿಗೆ ವಯಸ್ಸಾಗುತ್ತಲೇ ಇದೆ.

ಮೊದಲ ವಾರ: ಬೆಲ್ಟ್

ಮನೆಯ ಹಳೆಯ ಡೆಕ್‌ನಲ್ಲಿ ಪ್ಲೇ ಒತ್ತಿದರೆ ಮೋಟಾರು ಗುಂಯ್‌ಗುಡುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ನೋಡಿದರೆ ರಬ್ಬರ್ ಬೆಲ್ಟ್ ಕರಗಿ ಕಾಕಂಬಿಯ ಹಾಗೆ ಪುಲ್ಲಿಗೆ ಅಂಟಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಮತ್ತು ಹಲ್ಲುಕಡ್ಡಿ ಹಿಡಿದು ಅದನ್ನು ಕೆರೆದು ತೆಗೆಯುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು. ಅರೆಬರೆ ಒರೆಸಿದರೆ ಹೊಸ ಬೆಲ್ಟ್ ಜಾರುತ್ತದೆ, ಆದ್ದರಿಂದ ಪುಲ್ಲಿ ಬೆಳ್ಳಗಾಗುವವರೆಗೆ ಬಿಡಲಿಲ್ಲ.

ಬೆಲ್ಟ್ ಓಡುವ ದಾರಿಗೆ ಹೊಲಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡೆ. ಬೆಲ್ಟ್ ಆ ಅಳತೆಗಿಂತ ಇಪ್ಪತ್ತರಲ್ಲೊಂದು ಪಾಲು ಚಿಕ್ಕದಿದ್ದರೆ ಬಿಗಿ ಸರಿಯಾಗಿ ಕೂರುತ್ತದೆ. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌.ಪಿ. ರಸ್ತೆಗೆ ನಡೆದೆ. ಮೂರು ಅಂಗಡಿಗಳಲ್ಲಿ ‘ಈಗ ಅದೆಲ್ಲ ಬರುವುದಿಲ್ಲ’ ಎಂದರು. ನಾಲ್ಕನೆಯದರಲ್ಲಿ ಕೂತಿದ್ದ ಹಿರಿಯರು ನನ್ನ ದಾರವನ್ನು ಕೈಗೆ ತೆಗೆದುಕೊಂಡು, ‘ಚೌಕ ಬೇಕೋ, ಚಪ್ಪಟೆ ಬೇಕೋ?’ ಎಂದು ಕೇಳಿ, ಬಿಸ್ಕತ್ತಿನ ಡಬ್ಬಿಯಿಂದ ಸರಿಯಾದದ್ದನ್ನೇ ಎತ್ತಿ ಕೊಟ್ಟರು. 40 ರೂಪಾಯಿ. ಉಳಿದ ಸಾಮಾನನ್ನೂ ಅದೇ ರಸ್ತೆಯಲ್ಲಿ ಕೊಂಡೆ: ಇಎಸ್‌ಪಿ32 ಎಂಬ ಅಂಗೈಗಿಂತ ಚಿಕ್ಕ ಕಂಪ್ಯೂಟರ್ ಬೋರ್ಡ್, ದನಿಯನ್ನು ಅಂಕಿಯಾಗಿಸುವ ಪಿಸಿಎಂ1808 ಚಿಪ್ ಇರುವ ಪುಟ್ಟ ಹಲಗೆ, ಮೆಮೊರಿ ಕಾರ್ಡ್ ಸಾಕೆಟ್, ಕೆಲವು ರೆಸಿಸ್ಟರ್.

ಕ್ಯಾಸೆಟ್ ಒಳಗೆ ಟೇಪನ್ನು ಹೆಡ್‌ಗೆ, ಅಂದರೆ ಟೇಪಿನಿಂದ ದನಿ ಓದುವ ಡೆಕ್‌ನ ಭಾಗಕ್ಕೆ, ಒತ್ತಿ ಹಿಡಿಯುವ ಸಣ್ಣ ಉಣ್ಣೆಯ ತುಂಡು ಉದುರಿಹೋಗಿತ್ತು. ಅದಿಲ್ಲದಿದ್ದರೆ ಟೇಪ್ ಹೆಡ್‌ನಿಂದ ದೂರ ಸರಿದು ದನಿ ಬಂದು ಹೋಗಿ ಮಾಡುತ್ತದೆ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ ಬಿಚ್ಚಿ, ತಾತನ ಟೇಪಿನ ಎರಡೂ ಸುರುಳಿಗಳನ್ನು ಅದರ ಚಿಪ್ಪಿಗೆ ವರ್ಗಾಯಿಸಿದೆ. ಅಡುಗೆಮನೆಯ ಮೇಜಿನ ಮೇಲೆ, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಹಳೆಯದೊಂದು ಭಜನೆಯ ಕ್ಯಾಸೆಟ್ಟಿನಲ್ಲೇ ಎಲ್ಲ ಪರೀಕ್ಷೆ ಮಾಡಿದೆ. ಇರುವುದೊಂದೇ ಪ್ರತಿಯಾದರೆ ರಿಪೇರಿಯಾದ ಯಂತ್ರಕ್ಕೆ ಮೊದಲು ಅದನ್ನು ಕೊಡಬಾರದು.

ಎರಡನೆಯ ವಾರ: ಹೆಡ್‌ನ ಪಕ್ಕದ ಸ್ಕ್ರೂ

ಇದಕ್ಕೆ ಒಂದು ವಾರಾಂತ್ಯವೆಲ್ಲ ಕೊಟ್ಟೆ, ಕೊಟ್ಟದ್ದು ಸಾರ್ಥಕ. ಕ್ಯಾಸೆಟ್ ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. 10,000 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 10,000 ಸಲ ಕಂಪಿಸುವ ಒಂದು ಸ್ವರ ಟೇಪಿನ ಮೇಲೆ ಬರೆದುಕೊಂಡರೆ ಅದರ ಒಂದು ಅಲೆಯ ಉದ್ದ 4.76 ಮೈಕ್ರೊಮೀಟರ್. ಮಾವ ದಾಖಲಿಸಿದ ಮೋನೊ, ಅಂದರೆ ಒಂದೇ ಚಾನೆಲ್‌ನ ಯಂತ್ರ ಟೇಪಿನ ಮೇಲೆ ಬರೆಯುವ ಪಟ್ಟೆಯ ಅಗಲ ಸುಮಾರು ಒಂದೂವರೆ ಮಿಲಿಮೀಟರ್. ನನ್ನ ಡೆಕ್‌ನ ಹೆಡ್ ಒಂದು ಡಿಗ್ರಿಯ ಹತ್ತರಲ್ಲೊಂದು ಭಾಗ ವಾಲಿದ್ದರೂ ಪಟ್ಟೆಯ ಒಂದು ಅಂಚಿಗೂ ಇನ್ನೊಂದು ಅಂಚಿಗೂ ಎರಡೂವರೆ ಮೈಕ್ರೊಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ, ಅಂದರೆ ಅರ್ಧ ಅಲೆಗೂ ಮೀರಿ. ಮೇಲಂಚಿನಲ್ಲಿ ಅಲೆಯ ಏರು, ಕೆಳಂಚಿನಲ್ಲಿ ಇಳಿತ; ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಸ, ಶ, ಚ ಮುಂತಾದ ಅಕ್ಷರಗಳು ಮಂಕಾಗಿ ಕಂಬಳಿ ಹೊದ್ದ ದನಿ ಬರುವುದು ಇದರಿಂದಲೇ.

ಹಳೆಯ ಕ್ಯಾಸೆಟ್ ಇಳಿಸಿಕೊಂಡವರಲ್ಲಿ ಹೆಚ್ಚಿನವರು ಆ ಮಂಕನ್ನು ಟೇಪಿನ ವಯಸ್ಸಿಗೆ ಹೊರಿಸಿ, ಆಮೇಲೆ ಕಂಪ್ಯೂಟರಿನಲ್ಲಿ ತೀಕ್ಷ್ಣತೆ ಏರಿಸುತ್ತಾರೆ. ಏರಿಸಿದರೆ ಏರುವುದು ಹಿಸ್ಸೆನ್ನುವ ಗದ್ದಲ. ಹೆಡ್ ಓದದೆ ಬಿಟ್ಟ ಅಕ್ಷರ ಅಂಕಿಗಳಲ್ಲಿ ಎಲ್ಲೂ ಇರುವುದಿಲ್ಲ. ಅದಕ್ಕೇ ನನ್ನ ಶ್ರಮದ ದೊಡ್ಡ ಪಾಲು ಅಂಕಿಗಳು ಹುಟ್ಟುವ ಮುಂಚಿನ ಈ ಮಿಲಿಮೀಟರುಗಳಿಗೆ ಹೋಯಿತು.

ಹೆಡ್‌ನ ಒಂದು ಪಕ್ಕದಲ್ಲಿ ಸ್ಪ್ರಿಂಗ್ ಮೇಲೆ ಕೂತ ಸ್ಕ್ರೂ ಇರುತ್ತದೆ. ಅದನ್ನು ಎಳ್ಳಷ್ಟು ತಿರುಗಿಸಿದರೂ ವಾಲು ಬದಲಾಗುತ್ತದೆ. ಸ್ಟೀರಿಯೊ ಹೆಡ್‌ನಲ್ಲಿ ಮೋನೊ ಟೇಪ್ ಹಾಕಿ, ಎಡ ಬಲ ಎರಡನ್ನೂ ಒಂದಾಗಿ ಕೂಡಿಸಿ ಕೇಳಿದರೆ ತಪ್ಪು ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ತಾತನ ಟೇಪಿನ ಮೊದಲ ಅರ್ಧ ನಿಮಿಷವನ್ನು ಕೆಲವೇ ಸಲ ಓಡಿಸಿದೆ. ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿದಾಗ ಒಮ್ಮೆಲೇ ಹಾರ್ಮೋನಿಯಂನ ತಿದಿಯ ಉಸಿರು ಕೇಳಿಸಿತು. ಯಾರೋ ತಾಳ ತೆಗೆದುಕೊಂಡ ಕಿಣಿಕಿಣಿ, ಹಿಂದೆಲ್ಲೋ ಒಂದು ಮಗು. ಸ್ಕ್ರೂವಿನ ಹಳೆಯ ಜಾಗಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿಟ್ಟಿದ್ದೆ; ಆ ಗುರುತಿಗೆ ವಾಪಸ್ ತಿರುಗಿಸುವ ಅಗತ್ಯ ಬೀಳಲಿಲ್ಲ.

ಮೂರನೆಯ ವಾರ: ರೆಕಾರ್ಡರ್ ಕಟ್ಟಿದ್ದು

ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ನೇರ ಚುಚ್ಚಬಹುದಿತ್ತು. ಆದರೆ ಅದು ಮಾತಿಗೆಂದು ಮಾಡಿದ ದಾರಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಚಾನೆಲ್ ಇರುತ್ತದೆ, ದನಿ ಏರಿದಾಗ ತಾನೇ ತಗ್ಗಿಸುವ, ಇಳಿದಾಗ ತಾನೇ ಹಿಗ್ಗಿಸುವ ಸೌಲಭ್ಯವೂ ಸೇರಿಕೊಂಡಿರುತ್ತದೆ. ತಾತ ಮೆಲ್ಲಗೆ ಹೇಳಿದ್ದು ಮೆಲ್ಲಗೇ ಉಳಿಯಬೇಕಿತ್ತು. ಜೊತೆಗೆ, ದನಿ ಅಂಕಿಯಾಗುವ ಗಳಿಗೆಯನ್ನು ನನ್ನ ಕಣ್ಣಾರೆ ನೋಡುವ ಆಸೆ ಬಹಳ ದಿನಗಳಿಂದ ಇತ್ತು.

ಕೆಲಸದ ತಿರುಳು ಇಷ್ಟು: ಡೆಕ್‌ನಿಂದ ಬರುವುದು ಏರಿಳಿಯುವ ವೋಲ್ಟೇಜ್. ಪಿಸಿಎಂ1808 ಅದನ್ನು ಸಮ ಅಂತರದಲ್ಲಿ ಮತ್ತೆ ಮತ್ತೆ ಅಳೆದು, ಪ್ರತಿ ಅಳತೆಯನ್ನೂ ಒಂದು ಪೂರ್ಣಾಂಕವಾಗಿ ಹೊರಗೆ ಕೊಡುತ್ತದೆ. ಇಎಸ್‌ಪಿ32 ಆ ಅಂಕಿಗಳನ್ನು ಎಣಿಸುತ್ತ ಕಾರ್ಡಿಗೆ ಬರೆಯುತ್ತದೆ. ಪ್ರತಿ ಅಳತೆಯೂ ಒಂದು ಸ್ಯಾಂಪಲ್. ನಾನು ಆರಿಸಿದ್ದು ಸೆಕೆಂಡಿಗೆ 48,000. ಈ ವಿಧಾನಕ್ಕೆ ಪಲ್ಸ್ ಕೋಡ್ ಮಾಡ್ಯುಲೇಷನ್ ಎಂದು ಹೆಸರು. ಇದನ್ನು 1937ರಲ್ಲಿ ಯೋಚಿಸಿದವರು ಅಲೆಕ್ ರೀವ್ಸ್ ಎಂಬ ಬ್ರಿಟಿಷ್ ಎಂಜಿನಿಯರ್. ಟೆಲಿಫೋನ್ ತಂತಿಯಲ್ಲಿ ದೂರ ಹೋದಂತೆ ಮಾತಿನ ಜೊತೆ ಗದ್ದಲವೂ ಬೆಳೆಯುತ್ತಿತ್ತು. ಅಂಕಿಗಳನ್ನು ಕಳಿಸಿದರೆ ದಾರಿಯಲ್ಲಿ ಅವನ್ನು ಹೊಸದಾಗಿ ಬರೆದುಕೊಳ್ಳುತ್ತ ಹೋಗಬಹುದು ಎಂಬುದು ಅವರಿಗೆ ಹೊಳೆಯಿತು.

ಹಲಗೆಗೆ ತಂತಿ ಬೆಸೆದ ಮೊದಲ ರಾತ್ರಿ ಬಂದದ್ದೆಲ್ಲ ಸೊನ್ನೆ. ಈ ಚಿಪ್‌ಗೆ ಸ್ಯಾಂಪಲ್ ಲೆಕ್ಕದ 256 ಪಟ್ಟು ವೇಗದ ಇನ್ನೊಂದು ಗಡಿಯಾರ ಬೇಕು: 12.288 ಮೆಗಾಹರ್ಟ್ಜ್. ಆ ಒಂದು ತಂತಿಯನ್ನು ಬಿಟ್ಟಿದ್ದೆ. ಹಾಕಿದ ಕೂಡಲೇ ತೆರೆಯ ಮೇಲೆ ಅಂಕಿಗಳು ಹರಿದವು. ಟೇಪ್ ನಿಂತಿದ್ದಾಗ ಸೊನ್ನೆಯ ಆಸುಪಾಸಿನಲ್ಲಿ ನಡುಗುವ ಸಣ್ಣ ಅಂಕಿಗಳು, ಭಜನೆ ಶುರುವಾದಾಗ ಸಾವಿರಗಳಲ್ಲಿ ಮೇಲೆ ಕೆಳಗೆ. ಶಂಖ ಊದಿದ ಕಡೆ ಆ ಸಾಲುಗಳಲ್ಲೇ ಅಲೆಯ ಏರಿಳಿತ ಕಣ್ಣಿಗೆ ಕಾಣುತ್ತಿತ್ತು. ಎಷ್ಟು ಹೊತ್ತು ನೋಡುತ್ತ ಕೂತೆನೋ ಗೊತ್ತಿಲ್ಲ.

48,000 ಯಾಕೆ? ಯಾವ ಸ್ವರವನ್ನು ಹಿಡಿಯಬೇಕೋ ಅದರ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫ್ ಕುರಿತು ಬರೆದದ್ದರಲ್ಲಿ ಇದರ ಬೀಜವಿದೆ, ಕ್ಲಾಡ್ ಶಾನನ್ 1949ರಲ್ಲಿ ಸಾಧಿಸಿ ತೋರಿಸಿದರು. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ. ಅಳತೆಗಳ ನಡುವೆ ಉಳಿದ ಜಾಗದಲ್ಲಿ ದನಿ ಕಳೆದುಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಹಾಗಾಗುವುದಿಲ್ಲ. ಮಿತಿಯೊಳಗಿನ ಆವರ್ತನಗಳಷ್ಟೇ ಇದ್ದರೆ ಆ ಚುಕ್ಕಿಗಳ ಮೂಲಕ ಹಾಯಬಲ್ಲ ಅಲೆ ಒಂದೇ ಒಂದು, ಅದನ್ನು ಪೂರ್ತಿಯಾಗಿ ಮರಳಿ ಎಳೆಯಬಹುದು. ರಂಗೋಲಿಗೆ ಇಟ್ಟ ಚುಕ್ಕಿಗಳ ನಡುವೆ ನಾಲ್ಕಾರು ರೀತಿಯ ಗೆರೆ ಎಳೆಯಬಹುದು. ಇಲ್ಲಿ ಗೆರೆ ಒಂದೇ.

ಮಿತಿ ಮೀರಿದರೆ ಏನಾಗುತ್ತದೆ ಎಂದು ನೋಡಲು ಮೊಬೈಲಿನಲ್ಲಿ 5,000 ಹರ್ಟ್ಜ್‌ನ ಸ್ವರ ಹೊರಡಿಸಿ ದಾಖಲಿಸಿಕೊಂಡೆ. ಆರು ಸ್ಯಾಂಪಲ್‌ಗೆ ಒಂದನ್ನು ಇಟ್ಟುಕೊಂಡು ಉಳಿದ ಐದನ್ನು ಎಸೆದೆ. ಆಗ ಉಳಿದದ್ದು ಸೆಕೆಂಡಿಗೆ 8,000. ಕೇಳಿದರೆ ಸ್ವರ ಮಾಯವಾಗಿರಲಿಲ್ಲ, 3,000 ಹರ್ಟ್ಜ್ ಆಗಿ ಕೂಗುತ್ತಿತ್ತು. ಎಂಟರಲ್ಲಿ ಐದು ಕಳೆದರೆ ಮೂರು. ಹೀಗೆ ವೇಷ ಬದಲಿಸಿ ಒಳಗೆ ಬಂದ ಸ್ವರವನ್ನು ಆಮೇಲೆ ಗುರುತಿಸಿ ಹೊರಗೆ ಹಾಕಲು ಸಾಧ್ಯವೇ ಇಲ್ಲ, ಏಕೆಂದರೆ ನಿಜವಾದ 3,000ದ ಅಂಕಿಗಳೂ ಅವೇ. ಮಿತಿ ಮೀರಿದ್ದನ್ನು ಬಾಗಿಲಲ್ಲೇ ಸೋಸಬೇಕು. ಪಿಸಿಎಂ1808 ಒಳಗೆ 64 ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 30 ಲಕ್ಷಕ್ಕೂ ಹೆಚ್ಚು ಸಲ ಅಳೆದು, ಸೋಸಿ, ಆಮೇಲೆ 48,000ಕ್ಕೆ ಇಳಿಸುತ್ತದೆ. ಈ ಚಿಪ್ ಆರಿಸಲು ಅದೂ ಒಂದು ಕಾರಣ.

ಇನ್ನು ಬಿಟ್‌ಗಳ ಮಾತು. ಅಕ್ಕಿಯನ್ನು ಸೇರಿನಲ್ಲಿ ಮಾತ್ರ ಅಳೆಯುವವರ ಲೆಕ್ಕದಲ್ಲಿ ಪಾವು ಬರುವುದಿಲ್ಲ. 16 ಬಿಟ್ ಎಂದರೆ -32,768ರಿಂದ 32,767ರವರೆಗೆ 65,536 ಮೆಟ್ಟಿಲು. ಒಂದೊಂದು ಬಿಟ್ ಸೇರಿದಾಗಲೂ ಮೆಟ್ಟಿಲು ಎರಡರಷ್ಟಾಗಿ, ಗದ್ದಲಕ್ಕೂ ಅತಿ ದೊಡ್ಡ ದನಿಗೂ ನಡುವಿನ ಅಂತರ ಸುಮಾರು 6 ಡೆಸಿಬೆಲ್ ಹಿಗ್ಗುತ್ತದೆ. 16ಕ್ಕೆ 96. ಭಜನೆಯ ತುಣುಕೊಂದನ್ನು 4 ಬಿಟ್‌ಗೆ, ಅಂದರೆ 16 ಮೆಟ್ಟಿಲಿಗೆ ಇಳಿಸಿ ಕೇಳಿದೆ. ಜೋರಿನ ಭಾಗ ಮರಳು ಬೆರೆತಂತೆ ಬಂತು, ಹಾಡಿನ ಕೊನೆ ಕರಗುವ ಜಾಗ ಪೂರ್ತಿ ಸೊನ್ನೆಯಾಗಿತ್ತು.

ಸಾದಾ ಕ್ಯಾಸೆಟ್ಟಿನ ಗದ್ದಲಕ್ಕೂ ಜೋರಿಗೂ ಅಂತರ ಸುಮಾರು 50 ಡೆಸಿಬೆಲ್, ಒಂಬತ್ತು ಬಿಟ್‌ನಷ್ಟು. ಹಾಗಾದರೆ 16 ಧಾರಾಳ. ಆದರೂ ನಾನು ಕೊನೆಗೆ 24 ಬಿಟ್‌ಗೆ ಹೋದೆ. ದೊಡ್ಡ ದನಿ ಅಂಕಿಯ ಮಿತಿಗೆ ತಾಗಿದರೆ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ: 32,767, 32,767, 32,767 ಎಂದು ಒಂದೇ ಅಂಕಿಯ ಸಾಲು. ಆ ಕತ್ತರಿಸಿದ್ದು ಮತ್ತೆ ಬರುವುದಿಲ್ಲ. 24 ಬಿಟ್ ಇದ್ದರೆ ಮಟ್ಟವನ್ನು ಸಾಕಷ್ಟು ತಗ್ಗಿಸಿಯೇ ಇಡಬಹುದು, ಕೆಳಗಿನ ಮೆಟ್ಟಿಲುಗಳಿಗೆ ಬಡತನವಿಲ್ಲ. ತಾಲೀಮಿನಲ್ಲಿ ಯಾರು ಯಾವಾಗ ‘ಆಹಾ’ ಎಂದು ಆರ್ಭಟಿಸುತ್ತಾರೋ ಹೇಳಲಾಗದು. ಎರಡು ರೆಸಿಸ್ಟರ್ ಹಾಕಿ, ಅತಿ ಜೋರಿನ ದನಿಯೂ ಮಿತಿಯ ಕಾಲು ಭಾಗದ ಹತ್ತಿರ ನಿಲ್ಲುವಂತೆ ಮಾಡಿದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಕೂಡ ಕನಿಷ್ಠ 48,000 ಹರ್ಟ್ಜ್, 24 ಬಿಟ್ ಇರಲಿ ಎನ್ನುತ್ತದೆ.

16 ಬಿಟ್‌ನಲ್ಲಿ ಪರೀಕ್ಷಿಸುತ್ತಿದ್ದಾಗಿನ ಒಂದು ವಿಚಿತ್ರವನ್ನು ಹೇಳಲೇಬೇಕು. ದನಿ ತೀರ ಮೆಲ್ಲಗಿದ್ದಾಗ ಸರಿಯಾಗಿ ಕೇಳುತ್ತಿತ್ತು, ಸ್ವಲ್ಪ ಏರಿದರೂ ಬಟ್ಟೆ ಹರಿದಂತೆ ಪರಪರ. ತಂತಿ, ಬೆಸುಗೆ, ವಿದ್ಯುತ್ ಎಲ್ಲವನ್ನೂ ಶಂಕಿಸಿದೆ. ತಪ್ಪು ಒಂದು ಸಾಲಿನಲ್ಲಿತ್ತು. ಚಿಪ್ 24 ಬಿಟ್‌ನ ಅಂಕಿಯನ್ನು 32 ಬಿಟ್‌ನ ಖಾನೆಯಲ್ಲಿ ಮೇಲಕ್ಕೆ ಒತ್ತಿ ಕೊಡುತ್ತದೆ. ಮೇಲಿನ 16 ಬಿಟ್ ಬೇಕಾದರೆ 16 ಸ್ಥಾನ ಸರಿಸಬೇಕು. ನಾನು 8 ಸ್ಥಾನ ಸರಿಸಿ ಕೆಳಗಿನ 16 ಬಿಟ್ ಹಿಡಿದಿದ್ದೆ. ರೂಪಾಯಿ ಬಿಟ್ಟು ಪೈಸೆ ಮಾತ್ರ ಎಣಿಸಿದ ಹಾಗೆ: 99 ಪೈಸೆಯವರೆಗೆ ಲೆಕ್ಕ ಸರಿ, ನೂರಾದ ಕೂಡಲೇ ಮತ್ತೆ ಸೊನ್ನೆ.

ನಾಲ್ಕನೆಯ ವಾರ: ಕಾಣೆಯಾದ ಸೆಕೆಂಡುಗಳು

ಭಜನೆಯ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಇಳಿಸಿದೆ. ಕೇಳಲು ಚೆನ್ನಾಗಿತ್ತು, ಅಲ್ಲಲ್ಲಿ ತಾಳ ಒಂದು ಕೂದಲಿನಷ್ಟು ಜಿಗಿದ ಅನುಮಾನ. ಲೆಕ್ಕ ಹಾಕಿ ನೋಡಿದೆ. 48,000 ಸ್ಯಾಂಪಲ್, ತಲಾ 3 ಬೈಟ್, ಎರಡು ಚಾನೆಲ್: ಸೆಕೆಂಡಿಗೆ 2,88,000 ಬೈಟ್. 30 ನಿಮಿಷಕ್ಕೆ 51 ಕೋಟಿ 84 ಲಕ್ಷ. ಫೈಲ್ ಅಷ್ಟಿರಲಿಲ್ಲ, ಸುಮಾರು ನಾಲ್ಕು ಸೆಕೆಂಡಿನಷ್ಟು ಕಡಿಮೆ.

ಮೆಮೊರಿ ಕಾರ್ಡ್ ಸರಾಸರಿಯಲ್ಲಿ ವೇಗವಾಗಿಯೇ ಬರೆಯುತ್ತದೆ. ಆದರೆ ಆಗಾಗ ಒಳಗಿನ ಜಾಗ ಅಳಿಸಿ ಹೊಂದಿಸಿಕೊಳ್ಳಲು ಹತ್ತನೇ ಒಂದು ಸೆಕೆಂಡೋ ಇನ್ನೂ ಹೆಚ್ಚೋ ಸುಮ್ಮನಾಗುತ್ತದೆ. ನಾನು ಇಟ್ಟಿದ್ದ ತಾತ್ಕಾಲಿಕ ಜಾಗ 16,384 ಬೈಟ್, ಅಂದರೆ 0.057 ಸೆಕೆಂಡಿಗೆ ತುಂಬಿಹೋಗುವಂಥದ್ದು. ಟೇಪ್ ಯಾರಿಗೂ ಕಾಯುವುದಿಲ್ಲ. ತುಂಬಿದ ಮೇಲೆ ಬಂದ ಅಂಕಿಗಳು ಚೆಲ್ಲಿಹೋದವು. ಹೆಚ್ಚುವರಿ ಮೆಮೊರಿ ಇರುವ ಇನ್ನೊಂದು ಇಎಸ್‌ಪಿ32 ಬೋರ್ಡ್ ತಂದು, ಹತ್ತು ಲಕ್ಷ ಬೈಟ್ ದಾಟುವ ಜಾಗ ಕೊಟ್ಟೆ. ಈಗ ಮೂರೂವರೆ ಸೆಕೆಂಡ್ ತಡೆಯಬಲ್ಲದು. ಮನೆಯ ಮೇಲಿನ ನೀರಿನ ಟ್ಯಾಂಕಿನಂತೆ ಒಂದು ಕಡೆಯಿಂದ ತುಂಬುತ್ತ, ಇನ್ನೊಂದು ಕಡೆಯಿಂದ ಖಾಲಿಯಾಗುತ್ತ ಇರುತ್ತದೆ. ಎರಡನೆಯ ಸಲ ಬೈಟ್‌ಗಳ ಲೆಕ್ಕ ಒಂದೂ ತಪ್ಪದೆ ಬಂತು.

ಭಾನುವಾರ ಬೆಳಗಿನ ಜಾವ ಐದಕ್ಕೆ, ಬೀದಿಯಲ್ಲಿ ವಾಹನ ಶುರುವಾಗುವ ಮುಂಚೆ, ತಾತನ ಟೇಪ್ ಹಾಕಿದೆ. ತಂತಿಯಲ್ಲಿ ಹೋಗುವ ದನಿಗೆ ಬೀದಿಯ ಗದ್ದಲ ಸೋಕುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ಹೊತ್ತೇ ಬೇಕು ಅನ್ನಿಸಿತು.

ಅಮ್ಮ ಹಿಡಿದ ತಪ್ಪು

ಎದ್ದು ಬಂದ ಅಮ್ಮನಿಗೆ ಫೈಲ್ ಹಚ್ಚಿ ಕೇಳಿಸಿದೆ. ಅವರು ಕಾಫಿ ಲೋಟ ಹಿಡಿದು ನಿಂತೇ ಕೇಳಿದರು. ಒಂದು ನಿಮಿಷವಾದ ಮೇಲೆ ಹೇಳಿದರು: ‘ಇದು ಅಪ್ಪನ ಕಂಠವಲ್ಲ. ಮಾತು ಅವರದೇ, ಆದರೆ ಇಷ್ಟು ದಪ್ಪ ಇರಲಿಲ್ಲ. ಅವರು ಹೀಗೆ ಎಳೆದು ಎಳೆದು ಹಾಡುತ್ತಿರಲಿಲ್ಲ.’

ಫೈಲಿನ ಅವಧಿ ನೋಡಿದೆ. 30 ನಿಮಿಷದ್ದು 32 ನಿಮಿಷ 39 ಸೆಕೆಂಡ್ ತೋರಿಸುತ್ತಿತ್ತು. ಅಂಕಿಗಳೆಲ್ಲ ಸರಿಯಿದ್ದವು, ತಪ್ಪಿದ್ದು ಅವುಗಳ ಚೀಟಿ.

ವೇವ್ ಫೈಲ್ ಎಂದರೆ ಅಂಕಿಗಳ ಉದ್ದನೆಯ ಸಾಲು, ಅದರ ಮುಂದೆ ಒಂದು ಚಿಕ್ಕ ತಲೆಬರಹ. ಮೈಕ್ರೊಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದ ಈ ಸರಳ ರೂಪದಲ್ಲಿ ತಲೆಬರಹಕ್ಕೆ 44 ಬೈಟ್ ಸಾಕು: ಒಟ್ಟು ಗಾತ್ರ ಎಷ್ಟು, ಚಾನೆಲ್ ಎಷ್ಟು, ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಒಂದೊಂದಕ್ಕೆ ಎಷ್ಟು ಬಿಟ್. ಅಂಕಿಗಳ ಸಾಲಿನಲ್ಲಿ ಎಲ್ಲಿಯೂ ಕಾಲದ ಗುರುತಿಲ್ಲ. ಎಷ್ಟು ವೇಗದಲ್ಲಿ ಓದಬೇಕು ಎಂಬುದನ್ನು ಹೇಳುವುದು ಆ ಚೀಟಿಯ ನಾಲ್ಕು ಬೈಟ್ ಮಾತ್ರ. ನಾನು ಹಿಂದೆ ಬರೆದಿಟ್ಟಿದ್ದ ಪ್ರೋಗ್ರಾಮಿನ ತುಣುಕೊಂದನ್ನು ತಂದು ಹಾಕಿದ್ದೆ, ಅದರಲ್ಲಿ 44,100 ಎಂದಿತ್ತು. 48,000 ವೇಗದಲ್ಲಿ ಅಳೆದದ್ದನ್ನು 44,100 ವೇಗದಲ್ಲಿ ಓದಿದಾಗ ಹಾಡು ನಿಧಾನವಾಯಿತು, ಶ್ರುತಿ ಸುಮಾರು ಒಂದೂವರೆ ಕೀ ಕೆಳಗಿಳಿಯಿತು. ಭಜನೆಯಲ್ಲಿ ನನಗೆ ಇದು ಗೊತ್ತಾಗಲಿಲ್ಲ, ಆ ಗಾಯಕರ ಕಂಠ ನನಗೆ ಪರಿಚಿತವಲ್ಲ. ಅಮ್ಮ ಕೇಳುತ್ತಿದ್ದುದು ತಮ್ಮ ಅಪ್ಪನನ್ನು.

44,100 ಎಂಬ ಆ ಅಂಕಿ ಬಂದ ದಾರಿಯೂ ಟೇಪಿನದ್ದೇ. ಸಿ.ಡಿ. ಬರುವ ಮುಂಚೆ ದೊಡ್ಡ ಪ್ರಮಾಣದ ಅಂಕಿಗಳನ್ನು ಇಡಲು ಸಿಗುತ್ತಿದ್ದ ಸಾಧನ ವಿಡಿಯೊ ರೆಕಾರ್ಡರ್. ಟಿ.ವಿ. ಚಿತ್ರದ ಒಂದು ಗೆರೆಗೆ 3 ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಸಲ: ಗುಣಿಸಿದರೆ 44,100. ನಮ್ಮಲ್ಲಿರುವ 50ರ ಪದ್ಧತಿಯಲ್ಲಿ 294 ಗೆರೆ ತೆಗೆದುಕೊಂಡರೂ ಅದೇ 44,100. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಸಿ.ಡಿ. ಮಾರುಕಟ್ಟೆಗೆ ತಂದಾಗ ಅದೇ ಅಂಕಿ ಉಳಿದುಕೊಂಡಿತು.

ತಿದ್ದಲು ಟೇಪನ್ನು ಮತ್ತೆ ಓಡಿಸಬೇಕಾಗಲಿಲ್ಲ. ಫೈಲನ್ನು, ಬೈಟ್‌ಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ 25ನೆಯ ಬೈಟಿನಿಂದ ‘44 ಎಸಿ 00 00’ ಎಂದಿತ್ತು. ಚಿಕ್ಕ ಬೆಲೆಯ ಬೈಟ್ ಮೊದಲು ಬರುವ ಕ್ರಮ ಇದು. ತಿರುಗಿಸಿ ಓದಿದರೆ ಎಸಿ44, ಹದಿನಾರರ ಎಣಿಕೆಯಲ್ಲಿ 44,100. ಅದನ್ನು ‘80 ಬಿಬಿ 00 00’ ಮಾಡಿದೆ, 48,000. ಅದರ ಪಕ್ಕದಲ್ಲೇ ಸೆಕೆಂಡಿಗೆ ಎಷ್ಟು ಬೈಟ್ ಎಂಬ ಅಂಕಿ ಇದೆ, ಅದನ್ನೂ 2,64,600ರಿಂದ 2,88,000ಕ್ಕೆ ಬದಲಿಸಿದೆ. 51 ಕೋಟಿ ಬೈಟ್‌ಗಳಲ್ಲಿ ಬದಲಾದದ್ದು ನಾಲ್ಕು. ಮತ್ತೆ ಹಚ್ಚಿದೆ. ಅಮ್ಮ ಲೋಟ ಕೆಳಗಿಟ್ಟು ಕೂತರು.

ಆದರೂ ಕೊನೆಗೆ ಅವರು ಹೇಳಿದ್ದು: ‘ಈಗ ಸ್ವಲ್ಪ ಆತುರ ಜಾಸ್ತಿ.’

ಐದನೆಯ ವಾರ: ಕಪ್ಪು ಒಂದು

ಇಲ್ಲಿ ನನ್ನ ಅಂಕಿಗಳ ತಪ್ಪಿರಲಿಲ್ಲ. ದಾಖಲಿಸಿದ ಯಂತ್ರ ನಿಧಾನ ಓಡಿತ್ತೋ, ನನ್ನ ಡೆಕ್ ಜೋರಾಗಿ ಓಡುತ್ತಿದೆಯೋ, ಎರಡರಲ್ಲಿ ಒಂದು. ಅಳೆಯಲು ಒಂದು ಆಧಾರ ಬೇಕು. ಮೊದಲು ಹೊಳೆದದ್ದು ವಿದ್ಯುತ್ತಿನ ಗುಂಯ್‌ಕಾರ. ಮಾವ ಕರೆಂಟಿಗೆ ಹಾಕಿಯೇ ರೆಕಾರ್ಡ್ ಮಾಡಿದ್ದರಂತೆ, ಆದ್ದರಿಂದ ಟೇಪಿನ ಮೇಲೆ 50 ಹರ್ಟ್ಜ್‌ನ ಛಾಯೆ ಕೂತಿರಬೇಕು. ಫೈಲಿನ ಆವರ್ತನಗಳನ್ನು ಬಿಡಿಸಿ ನೋಡಿದರೆ ಆ ಜಾಗದಲ್ಲಿ ಎರಡು ಶಿಖರ ಒತ್ತೊತ್ತಾಗಿ ನಿಂತಿದ್ದವು: ಒಂದು 50.0, ಇನ್ನೊಂದು 50.9. ಮೊದಲನೆಯದು ಹನುಮಂತನಗರದ ಇಂದಿನ ಕರೆಂಟು, ನನ್ನ ಡೆಕ್‌ನಿಂದಲೇ ಸೇರಿದ್ದು. ಎರಡನೆಯದು 1988ರ ಹಳ್ಳಿಯ ಕರೆಂಟು. ಅದನ್ನು ನೋಡಿ ಮೈ ಜುಮ್ಮೆಂದಿತು.

ಆದರೆ ಆ 50.9ನ್ನು ನಂಬುವಂತಿಲ್ಲ. ಆ ವರ್ಷಗಳಲ್ಲಿ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದಿಂದ ಬೇರೆಯಾಗಿತ್ತು. ಒಂದಾಗಿ ಬೆಸೆದದ್ದು 2013ರ ಡಿಸೆಂಬರ್ 31ರಂದು. ಬೇಡಿಕೆ ಹೆಚ್ಚಾದಾಗ ಆವರ್ತನ 50ಕ್ಕಿಂತ ಕೆಳಗಿಳಿಯುವುದು ಆಗ ಸಾಮಾನ್ಯವಾಗಿತ್ತು.

ಟೇಪಿನ ಹನ್ನೊಂದನೆಯ ನಿಮಿಷದಲ್ಲಿ ಉತ್ತರ ಸಿಕ್ಕಿತು. ಪಾತ್ರಧಾರಿಯೊಬ್ಬರು ಶ್ರುತಿ ತಪ್ಪುತ್ತಾರೆ. ತಾತ ನಿಲ್ಲಿಸಿ, ‘ಕಪ್ಪು ಒಂದು ಕೇಳು, ಮೊದಲು ಕೇಳು, ಆಮೇಲೆ ಬಾಯಿ ತೆಗೆ’ ಎಂದು ಹಾರ್ಮೋನಿಯಂನ ಆ ಕಪ್ಪು ಕೀಯ ಒಂದೇ ಸ್ವರವನ್ನು ಏಳೆಂಟು ಸೆಕೆಂಡ್ ಒತ್ತಿ ಹಿಡಿಯುತ್ತಾರೆ. ಅಟ್ಟದಿಂದ ಹಾರ್ಮೋನಿಯಂ ಇಳಿಸಿ, ಧೂಳು ಒರೆಸಿ, ತಿದಿಯ ತೂತಿಗೆ ಪಟ್ಟಿ ಅಂಟಿಸಿ, ಅದೇ ಕಪ್ಪು ಒಂದನ್ನು ಒತ್ತಿ ದಾಖಲಿಸಿದೆ. ಇಂದು 278.1 ಹರ್ಟ್ಜ್. ಟೇಪಿನಲ್ಲಿ 286.5. ಪ್ರತಿಶತ 3 ಹೆಚ್ಚು. ಒಂದು ಕೀಯಿಂದ ಪಕ್ಕದ ಕೀಗೆ ಇರುವ ದೂರ ಸುಮಾರು 6 ಪ್ರತಿಶತ, ಅದರ ಅರ್ಧ ಇದು. ಹಿತ್ತಾಳೆಯ ನಾಲಿಗೆ ವರ್ಷಗಳಲ್ಲಿ ಕೊಂಚ ಸರಿಯಬಹುದು, ಆದರೆ ಇಷ್ಟು ಸರಿದಿರಲಾರದು. ಇನ್ನೂ ಎರಡು ಸ್ವರ ಹಿಡಿದು ನೋಡಿದೆ, ಅನುಪಾತ ಹೆಚ್ಚುಕಡಿಮೆ ಅದೇ ಬಂತು. ಹಾಗಾದರೆ ಆ ರಾತ್ರಿ ಹಳ್ಳಿಯ ಕರೆಂಟು 49.4 ಹರ್ಟ್ಜ್‌ನಲ್ಲಿತ್ತು.

ಡೆಕ್‌ನ ಮೋಟಾರಿಗೆ ವೇಗ ತಿದ್ದುವ ಸ್ಕ್ರೂ ಇದೆ. ಆದರೆ ಟೇಪನ್ನು ಇನ್ನೊಮ್ಮೆ ಓಡಿಸಲು ಮನಸ್ಸಾಗಲಿಲ್ಲ, ಪ್ರತಿ ಓಟಕ್ಕೂ ಅದು ಒಂದಿಷ್ಟು ಸವೆಯುತ್ತದೆ. ಹೋದ ವಾರ ಕಾಡಿದ ಚೀಟಿಯೇ ಈ ವಾರ ಕೈಹಿಡಿಯಿತು. 48,000ವನ್ನು 286.5ರಿಂದ ಭಾಗಿಸಿ 278.1ರಿಂದ ಗುಣಿಸಿದರೆ 46,593. ಫೈಲಿನ ಪ್ರತಿ ಮಾಡಿ, ಚೀಟಿಯಲ್ಲಿ ‘01 ಬಿ6 00 00’ ಎಂದು ಬರೆದೆ, ಪಕ್ಕದ ಬೈಟ್ ಲೆಕ್ಕವನ್ನೂ ಹೊಂದಿಸಿದೆ. ಒಂದು ಸ್ಯಾಂಪಲ್ಲನ್ನೂ ಮುಟ್ಟದೆ ವೇಗ ಸರಿಹೋಯಿತು. ಇಂಥ ಬೆಸ ಅಂಕಿಯನ್ನು ಕೆಲವು ಪ್ಲೇಯರ್‌ಗಳು ಒಪ್ಪುವುದಿಲ್ಲ, ಆದ್ದರಿಂದ ಕೇಳುವ ಪ್ರತಿಯನ್ನು ಮತ್ತೆ 48,000ಕ್ಕೆ ಲೆಕ್ಕಹಾಕಿಸಿ ಬೇರೆಯಾಗಿ ಇಟ್ಟೆ.

ಸಂಗ್ರಹ ಹೀಗಿದೆ. ಮೂಲ ವೇವ್, ಯಾವ ತಿದ್ದುಪಡಿಯೂ ಇಲ್ಲದೆ, ಎರಡು ಬೇರೆ ಡಿಸ್ಕ್‌ಗಳಲ್ಲಿ. ಒಂದು ಮನೆಯಲ್ಲಿ, ಒಂದು ಮಾವನ ಮನೆಯಲ್ಲಿ. ಫ್ಲ್ಯಾಕ್ ಪ್ರತಿಯನ್ನೂ ಮಾಡಿದೆ: ಮುಂದಿನ ಸ್ಯಾಂಪಲ್ ಎಷ್ಟಿರಬಹುದೆಂದು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಡುವ ವಿಧಾನ ಅದು, ಬಿಚ್ಚಿದಾಗ ಒಂದು ಬಿಟ್ಟೂ ಬದಲಾಗದೆ ಮರಳಿ ಬರುತ್ತದೆ. 518 ಎಂಬಿಯದು 360ರ ಆಸುಪಾಸಿಗೆ ಇಳಿಯಿತು, ಇನ್ನೂ ಇಳಿಯಲಿಲ್ಲ. ಟೇಪಿನ ಹಿಸ್ ಶಬ್ದವನ್ನು ಯಾರೂ ಊಹಿಸಲಾರರು. ಮಾವನ ಮೊಬೈಲಿಗೆ ಕಳಿಸಿದ್ದು ಎಂಪಿ3, ಸುಮಾರು 30 ಎಂಬಿ. ಅದು ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಎಸೆದು ಚಿಕ್ಕದಾಗುತ್ತದೆ, ಎಸೆದದ್ದು ಹೋದ ಹಾಗೆಯೇ. ಬಸ್ಸಿನಲ್ಲಿ ಕೇಳಲು ಸಾಕು, ಮೂಲವೆಂದು ಇಟ್ಟುಕೊಳ್ಳಬಾರದು. ಪ್ರತಿ ಫೈಲಿನ ಜೊತೆ ಒಂದು ಪಠ್ಯದ ಫೈಲ್: ಯಾವ ಡೆಕ್, ಯಾವ ದಿನ, 46,593 ಎಲ್ಲಿಂದ ಬಂತು, ಟೇಪಿನಲ್ಲಿ ಯಾರ ಯಾರ ದನಿ ಇದೆ. ಕೊನೆಯದನ್ನು ಅಮ್ಮ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಹಿಂದಿನ ಮಗು ಅವರ ಕೊನೆಯ ತಂಗಿಯಂತೆ.

ಸಂಜೆ ಸರಿಪಡಿಸಿದ ಪ್ರತಿ ಹಚ್ಚಿದಾಗ ಹಾರ್ಮೋನಿಯಂ ಇನ್ನೂ ನಡುಮನೆಯಲ್ಲೇ ಇತ್ತು. ಹನ್ನೊಂದನೆಯ ನಿಮಿಷ ಹತ್ತಿರವಾದಾಗ ಅಮ್ಮ ಅದರ ಮುಂದೆ ಕೂತು ತಿದಿ ಹಾಕಿದರು. ‘ಮೊದಲು ಕೇಳು’ ಎಂದು ತಾತ ಹೇಳಿ ಸ್ವರ ಹಿಡಿದರು, ಅಮ್ಮ ಕಪ್ಪು ಒಂದನ್ನು ಒತ್ತಿದರು. ಎರಡು ಸ್ವರಗಳ ನಡುವೆ ಅಂತರ ಉಳಿದಿದ್ದರೆ ದನಿ ಅಲೆಅಲೆಯಾಗಿ ಏರಿಳಿಯುತ್ತದೆ. ನಾನು ಅದಕ್ಕಾಗಿಯೇ ಕಿವಿಕೊಟ್ಟು ಕೂತಿದ್ದೆ. ಎರಡು ಸೆಕೆಂಡಿಗೊಮ್ಮೆ ಒಂದು ಮೆಲ್ಲನೆಯ ಅಲೆ, ಅಷ್ಟೇ. ಅರ್ಧ ಹರ್ಟ್ಜ್.

ಬಿ ಬದಿ ಬರುವ ಭಾನುವಾರ.